ಗೋವಾಕ್ಕೆ ಬರುವ ನಮ್ಮವರು ತೀರವನ್ನು ಚೊಕ್ಕಟವಾಗಿಟ್ಟು ಹೋಗುವಂತೆ ಮಾಡುವುದು ಹೇಗೆ: ಹೋಮ್‌ಸ್ಟೇ, ಶ್ಯಾಕ್, ಟಿಟಿ ನಡೆಸುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಶನಿವಾರ ಬೆಳಿಗ್ಗೆ ಕಲಂಗುಟ್‌ ಪಾರ್ಕಿಂಗ್‌ಗೆ ಹೋದರೆ ಕೆಎ 22, ಕೆಎ 25 ನಂಬರಿನ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಬೆಳಗಾವಿ, ಧಾರವಾಡ ಕಡೆಯಿಂದ ರಾತ್ರಿಯೇ ಹೊರಟು, ಚೋರ್ಲಾ ಘಾಟ್ ಇಳಿದು ಬಂದವರು. ಸಂಜೆ ಗಾಡಿಗಳು ಹೋದ ಮೇಲೆ ನೆಲ ನೋಡಿ. ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಒಡೆದ ಬಿಯರ್ ಬಾಟಲಿ, ಎಂಜಲು ತಟ್ಟೆ. ಇದನ್ನು ನೋಡಿ "ನಮ್ಮ ಜನಕ್ಕೆ ಬುದ್ಧಿ ಇಲ್ಲ" ಅಂದುಬಿಡುತ್ತಾರೆ. ನಾನು ಆ ಮಾತು ಒಪ್ಪುವುದಿಲ್ಲ. ಇದೇ ಜನ ಊರಲ್ಲಿ ಬೆಳಗಾದರೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುವವರು. ಇಲ್ಲಿ ಅವರ ಕೈಯಲ್ಲಿ ಖಾಲಿ ಬಾಟಲಿ ಇದೆ, ಮಗು ಅಳುತ್ತಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಕಸದ ಡಬ್ಬಿ ಕಣ್ಣಿಗೆ ಕಾಣುತ್ತಿಲ್ಲ. ಆ ಅರ್ಧ ನಿಮಿಷದಲ್ಲಿ ಬಾಟಲಿ ಎಲ್ಲಿ ಬೀಳುತ್ತದೆ ಅನ್ನುವುದನ್ನು ಸುತ್ತಲಿನ ವ್ಯವಸ್ಥೆ ತೀರ್ಮಾನಿಸುತ್ತದೆ.

ಆ ವ್ಯವಸ್ಥೆಯನ್ನು ಸ್ವಲ್ಪ ಬದಲಿಸಿ, ಯಾರನ್ನೂ ತಡೆಯದೆ, ದಂಡ ಹಾಕದೆ, ಒಳ್ಳೆಯ ಕೆಲಸ ತಾನಾಗಿ ಆಗುವಂತೆ ಮಾಡುವುದಕ್ಕೆ ನಡ್ಜ್ ಅನ್ನುತ್ತಾರೆ. ಮನುಷ್ಯರು ನಿಜವಾಗಿ ಹೇಗೆ ನಿರ್ಧಾರ ಮಾಡುತ್ತಾರೆ ಎಂದು ತೋರಿಸಿಕೊಟ್ಟು, ಈ ವಿಚಾರಕ್ಕೆ ಹೆಸರು ತಂದ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ವಾಸ್ಕೋ, ಮಡಗಾಂವ್, ಮಾಪ್ಸಾ ಕಡೆ ನಮ್ಮವರು ಎಷ್ಟೋ ಜನ ಇದ್ದೀರಿ. ರೂಮ್ ಕೊಡುತ್ತೀರಿ, ಟಿಟಿ (ಟೆಂಪೊ ಟ್ರಾವೆಲರ್) ಓಡಿಸುತ್ತೀರಿ, ತೀರದ ಮೇಲೆ ಸೀಸನ್‌ಗೆ ಕಟ್ಟುವ ಹೋಟೆಲ್‌ಗಳಾದ ಶ್ಯಾಕ್‌ಗಳಲ್ಲಿ ಅಡುಗೆ ಮಾಡುತ್ತೀರಿ. ಬರುವ ಅತಿಥಿಯ ಭಾಷೆ, ಊಟ, ಅಭ್ಯಾಸ ಎಲ್ಲ ನಿಮಗೆ ಗೊತ್ತು. ಈ ಕೆಲಸಕ್ಕೆ ನಿಮಗಿಂತ ಯೋಗ್ಯರು ಬೇರೆ ಯಾರೂ ಇಲ್ಲ.

ಶುರು ಮಾಡುವ ಮೊದಲು

ಡಬ್ಬಿ ಇಲ್ಲದ ಕಡೆ ನಡ್ಜ್ ಕೆಲಸ ಮಾಡುವುದಿಲ್ಲ. ತುಂಬಿ ಹೊರಚೆಲ್ಲಿದ ಡಬ್ಬಿ ಇದ್ದರಂತೂ ಇನ್ನೂ ಕೆಟ್ಟದು, ಅದು "ಇಲ್ಲೇ ಸುತ್ತಮುತ್ತ ಹಾಕಿ" ಎಂದು ಹೇಳಿದ ಹಾಗೆ. ನಿಮ್ಮ ಪಂಚಾಯತಿಯ ಒಣ ಕಸದ ಗಾಡಿ ಯಾವ ದಿನ ಬರುತ್ತದೆ, ಹಸಿ ಕಸ ಯಾರು ಒಯ್ಯುತ್ತಾರೆ ಎನ್ನುವುದು ಮೊದಲು ಪಕ್ಕಾ ಆಗಲಿ.

ಕಾನೂನನ್ನೂ ತಿಳಿದಿರಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಗೋವಾದಲ್ಲಿ ಪ್ರವಾಸಿ ತಾಣಗಳ ರಕ್ಷಣೆಗೆ 2001ರ ಕಾಯ್ದೆ ಇದೆ. 2019ರ ತಿದ್ದುಪಡಿ ಪ್ರಕಾರ ತೀರದಲ್ಲಿ ಕುಡಿದರೆ, ಬಾಟಲಿ ಒಡೆದರೆ, ಬಯಲಲ್ಲಿ ಅಡುಗೆ ಮಾಡಿದರೆ ಒಬ್ಬರಿಗೆ 2,000 ರೂಪಾಯಿ, ಗುಂಪಿಗೆ 10,000 ರೂಪಾಯಿ ದಂಡ ಎಂದಾಯಿತು. ಆಮೇಲೆ ದಂಡ ಇನ್ನೂ ಏರಿದೆ. ಕಾನೂನು ಹಾಗೆ ಇರಲಿ. ಪೊಲೀಸ್ ಇಲ್ಲದ ಹೊತ್ತಿನಲ್ಲಿ, ಇಲ್ಲದ ಜಾಗದಲ್ಲಿ ಏನಾಗಬೇಕು ಎನ್ನುವುದಕ್ಕೆ ಮುಂದಿನ ಹಂತಗಳು.

ಹಂತ 1: ಒಂದೇ ಕೆಲಸ ಆರಿಸಿ

"ಪರಿಸರ ಉಳಿಸೋಣ" ಅನ್ನುವುದು ಗುರಿ ಆಗುವುದಿಲ್ಲ. "ನಮ್ಮ ಟಿಟಿಯಿಂದ ಇಳಿದವರು ನೀರಿನ ಬಾಟಲಿಯನ್ನು ಪಾರ್ಕಿಂಗ್‌ನಲ್ಲಿ ಬಿಡಬಾರದು" ಅನ್ನುವುದು ಗುರಿ. ಯಾರು, ಎಲ್ಲಿ, ಯಾವ ಹೊತ್ತಿಗೆ, ಏನು ಮಾಡಬೇಕು ಎಂದು ಒಂದು ಸಾಲಿನಲ್ಲಿ ಬರೆಯಲು ಬಂದರೆ ಮಾತ್ರ ಮುಂದೆ ಹೋಗಿ. ಒಂದೇ ಸಲಕ್ಕೆ ನೀರು, ಕರೆಂಟು, ಪ್ಲಾಸ್ಟಿಕ್, ಊಟ ಎಲ್ಲದರ ಮೇಲೂ ಬೋರ್ಡ್ ಹಾಕಿದರೆ ಅತಿಥಿ ಒಂದನ್ನೂ ಓದುವುದಿಲ್ಲ.

ಹಂತ 2: ಏನನ್ನೂ ಬದಲಿಸದೆ ಸುಮ್ನೆ ನೋಡಿ

ಎರಡು ವಾರ ಸಾಕು. ಒಂದು ನೋಟ್‌ಬುಕ್ ಇಟ್ಟುಕೊಂಡು, ಕಸ ಎಲ್ಲಿ ಬೀಳುತ್ತದೆ, ಯಾವಾಗ ಬೀಳುತ್ತದೆ ಬರೆದಿಡಿ. ಬೈಯಬೇಡಿ, ಗುಟ್ಟಾಗಿ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕಬೇಡಿ.

ನೋಡುತ್ತ ಕೂತರೆ ಏನು ಕಾಣುತ್ತದೆ ಎಂದು ಹೇಳುತ್ತೇನೆ. ಸಮುದ್ರದಲ್ಲಿ ಆಡಿ ಬಂದ ಕುಟುಂಬ ಒಂದು ಗಾಡಿ ಹತ್ತಿರ ಬರುತ್ತದೆ. ಅಮ್ಮ ಮಗುವಿನ ಕಾಲಿನ ಮರಳು ತೊಳೆಯಲು ಬಾಟಲಿಯ ಕೊನೆಯ ನೀರು ಸುರಿಯುತ್ತಾರೆ. ಆಗ ಬಾಟಲಿ ಖಾಲಿಯಾಗುತ್ತದೆ. ಎರಡೂ ಕೈಯಲ್ಲಿ ಒದ್ದೆ ಬಟ್ಟೆ. ಬಾಟಲಿ ಚಕ್ರದ ಪಕ್ಕ ನಿಲ್ಲುತ್ತದೆ. ಅವರು ಎಸೆಯಲಿಲ್ಲ, ನೆಟ್ಟಗೆ ನಿಲ್ಲಿಸಿದರು, ಆಮೇಲೆ ಮರೆತರು. ಕೆಲವರು ಕೇಳುವುದೂ ಉಂಟು: "ಅಣ್ಣಾರ, ಈ ಬಾಟ್ಲಿ ಎಲ್ಲಿ ಹಾಕೋದ್ರಿ?" ಡ್ರೈವರ್‌ಗೂ ಗೊತ್ತಿರುವುದಿಲ್ಲ. ಡಬ್ಬಿ ಇರುವುದು ತೀರದ ಬಾಯಿಯಲ್ಲಿ, ಬಾಟಲಿ ಖಾಲಿಯಾಗುವುದು ಗಾಡಿಯ ಬಾಗಿಲಲ್ಲಿ. ನಡುವಿನ ಆ ದೂರವನ್ನು ಯಾವ ಘೋಷಣೆಯೂ ತುಂಬುವುದಿಲ್ಲ.

ಹಂತ 3: ಕೈಗೆ ಎಟಕುವ ಹಾಗೆ ಇಡಿ

ಈ ಒಂದು ಹಂತವನ್ನೇ ಸರಿಯಾಗಿ ಮಾಡಿದರೂ ಅರ್ಧ ಕೆಲಸ ಮುಗಿದ ಹಾಗೆ ಅಂತ ನನ್ನ ಅನಿಸಿಕೆ. ಟಿಟಿ ಓಡಿಸುವವರು ಹೀಗೆ ಮಾಡಿ. ಬಾಗಿಲ ಬಳಿ ಒಂದು ದೊಡ್ಡ ಚೀಲ ಇಡುವ ಬದಲು ಎರಡು ಸೀಟಿಗೊಂದು ಬಟ್ಟೆ ಚೀಲ ತೂಗುಹಾಕಿ. ಹಿಂದಿನ ಸೀಟಿನವರು ಬಾಗಿಲ ತನಕ ಎದ್ದು ಬರುವುದಿಲ್ಲ, ಅಲ್ವಾ? ಕಾಲು ತೊಳೆಯಲು ಒಂದು ಕೊಡ ನೀರು, ಒಂದು ಚೊಂಬು ಗಾಡಿಯ ಹಿಂದೆ ಇರಲಿ. ಅಲ್ಲೇ ಪಕ್ಕದಲ್ಲಿ ಖಾಲಿ ಬಾಟಲಿಯ ಚೀಲ. ಕಾಲು ತೊಳೆಯಲು ಬಂದವರು ಬಾಟಲಿಯನ್ನೂ ಹಾಕಿ ಹತ್ತುತ್ತಾರೆ.

ಡಬ್ಬಿ ಇದ್ದೂ ಜನರ ಕಣ್ಣಿಗೆ ಬೀಳದಿದ್ದರೆ ದಾರಿ ತೋರಿಸಿ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಪೆಲ್ಲೆ ಹ್ಯಾನ್ಸೆನ್ ಎಂಬ ಸಂಶೋಧಕರು ತಮ್ಮ ವಿದ್ಯಾರ್ಥಿಗಳ ಜೊತೆ ಒಂದು ಪ್ರಯೋಗ ಮಾಡಿದರು. ದಾರಿಹೋಕರಿಗೆ ಮಿಠಾಯಿ ಹಂಚಿ, ಅದರ ಕಾಗದ ಎಷ್ಟು ನೆಲಕ್ಕೆ ಬೀಳುತ್ತದೆ ಎಂದು ಎಣಿಸಿದರು. ಆಮೇಲೆ ಡಬ್ಬಿಯ ಕಡೆಗೆ ನೆಲದ ಮೇಲೆ ಹಸಿರು ಹೆಜ್ಜೆಗುರುತು ಅಂಟಿಸಿ ಮತ್ತೆ ಎಣಿಸಿದರು. ನೆಲಕ್ಕೆ ಬಿದ್ದ ಕಾಗದ ಶೇ. 46ರಷ್ಟು ಇಳಿದಿತ್ತು. ಮರಳಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಆದರೆ ಹೋಮ್‌ಸ್ಟೇ ಅಂಗಳ, ಪಾರ್ಕಿಂಗ್‌ನ ಸಿಮೆಂಟು ನೆಲಕ್ಕೆ ಇದು ಹೇಳಿಮಾಡಿಸಿದ್ದು. ನಮ್ಮಲ್ಲಿ ಹಬ್ಬದ ದಿನ ಹೊಸ್ತಿಲಿಂದ ದೇವರ ಕೋಣೆ ತನಕ ಪುಟ್ಟ ಹೆಜ್ಜೆ ಬರೆಯುತ್ತೇವಲ್ಲ, ನಮ್ಮವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಸಿಗರೇಟಿನ ತುಂಡಿಗೆ ಬೇರೆ ಉಪಾಯ ಬೇಕು. ಅದರ ಫಿಲ್ಟರ್ ಹತ್ತಿಯ ಹಾಗೆ ಕಂಡರೂ ಅದು ಪ್ಲಾಸ್ಟಿಕ್. ಲಂಡನ್‌ನಲ್ಲಿ 2015ರಲ್ಲಿ ಮತ ಹಾಕುವ ಡಬ್ಬಿ ಇಟ್ಟರು. ಮೇಲೆ ಒಂದು ಪ್ರಶ್ನೆ: ಯಾರು ದೊಡ್ಡ ಆಟಗಾರ, ರೊನಾಲ್ಡೊನಾ ಮೆಸ್ಸಿನಾ? ಎರಡು ಗಾಜಿನ ಖಾನೆ, ಸಿಗರೇಟಿನ ತುಂಡೇ ಮತ. ನೀವು ಶ್ಯಾಕ್ ಪಕ್ಕದಲ್ಲಿ ಇಂಥದ್ದೊಂದು ಇಡಿ. "ಬೆಳಗಾವಿ ಕುಂದಾನಾ, ಧಾರವಾಡ ಪೇಡಾನಾ?" ಎಂದು ಕನ್ನಡದಲ್ಲಿ ಬರೆಯಿರಿ. ನಮ್ಮ ಹುಡುಗರು ಗೆಳೆಯರನ್ನೂ ಕರೆದು ಮತ ಹಾಕಿಸುತ್ತಾರೆ. ವಾರಕ್ಕೊಮ್ಮೆ ಪ್ರಶ್ನೆ ಬದಲಾಗಲಿ. ಐಪಿಎಲ್ ಹೊತ್ತಿನಲ್ಲಿ ಪ್ರಶ್ನೆ ಹುಡುಕುವ ಕಷ್ಟವೇ ಇಲ್ಲ.

ಹಂತ 4: ಕೇಳದಿದ್ದರೆ ಏನು ಸಿಗುತ್ತದೆ?

ಬಹಳಷ್ಟು ಜನ ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ. ಎಳನೀರಿಗೆ ಸ್ಟ್ರಾ ಹಾಕಿ ಕೊಟ್ಟರೆ ಸ್ಟ್ರಾದಲ್ಲೇ ಕುಡಿಯುತ್ತಾರೆ. ಹಾಗೇ ಕೊಟ್ಟರೆ ಎತ್ತಿ ಕುಡಿಯುತ್ತಾರೆ. ಹಾಗಾಗಿ ಕೇಳದೆ ಕೊಡುವುದನ್ನು ನಿಲ್ಲಿಸಿ, ಕೇಳಿದವರಿಗೆ ಮುಖ ಗಂಟಿಕ್ಕದೆ ಕೊಡಿ. ಸ್ಟ್ರಾ ಕಾಗದದ್ದೇ ಇರಲಿ.

ರೂಮಿನಲ್ಲಿ ಎರಡು ಬಾಟಲಿ ನೀರು ಇಡುವ ಬದಲು ತಾಮ್ರದ ತಂಬಿಗೆಯಲ್ಲೋ ಸ್ಟೀಲ್ ಜಗ್‌ನಲ್ಲೋ ಫಿಲ್ಟರ್ ನೀರು ತುಂಬಿ ಮುಚ್ಚಿಡಿ. ಅತಿಥಿಗೆ ಒಂದು ಅನುಮಾನ ಇರುತ್ತದೆ: ಈ ನೀರು ಒಳ್ಳೆಯದಾ? ಅದನ್ನು ತೀರಿಸದೆ ಜಗ್ ಇಟ್ಟರೆ ಅವರು ಹೊರಗೆ ಹೋಗಿ ಬಾಟಲಿ ಕೊಂಡು ಬರುತ್ತಾರೆ. ಫಿಲ್ಟರ್ ಯಂತ್ರ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿರಲಿ. ಅದನ್ನು ಯಾವಾಗ ಸರ್ವಿಸ್ ಮಾಡಿಸಿದಿರಿ ಎಂಬ ಚೀಟಿ ಅಂಟಿಸಿ. ಅವರ ಎದುರಿಗೇ ನೀವೂ ಅದೇ ನೀರು ಕುಡಿಯಿರಿ.

ದಿನಾ ಹಾಸಿಗೆ ಹೊದಿಕೆ, ಟವೆಲ್ ಬದಲಿಸುವುದೂ ಹಾಗೆ. "ಬೇಡವಾದರೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. "ಬೇಕಾದಾಗ ಹೇಳಿ, ತಕ್ಷಣ ಬದಲಿಸುತ್ತೇವೆ" ಎಂದು ತಿರುಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಹಂತ 5: ಬೋರ್ಡಿನ ಮಾತು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಜಾಸ್ತಿ ಕೆಡುವುದು ಇಲ್ಲೇ.

ಹೋಟೆಲ್ ಒಂದರ ಸ್ವಾಗತ ಇಂಗ್ಲಿಷ್‌ನಲ್ಲಿ, ಮೆನು ಇಂಗ್ಲಿಷ್‌ನಲ್ಲಿ, "ಕಸ ಹಾಕಬೇಡಿ, ಉಗುಳಬೇಡಿ" ಎನ್ನುವುದು ಮಾತ್ರ ಕನ್ನಡದಲ್ಲಿ. ಇಂಥದ್ದನ್ನು ನೋಡಿದ ಕನ್ನಡಿಗನಿಗೆ ಏನನಿಸಬೇಕು? ನಿನ್ನ ಮೇಲೆ ನಂಬಿಕೆ ಇಲ್ಲ ಎಂದು ಅವನ ಭಾಷೆಯಲ್ಲೇ ಹೇಳಿದ ಹಾಗಾಯಿತು. ಅವಮಾನ ಆದವರು ಮಾತು ಕೇಳುವುದಿಲ್ಲ. ಮೊದಲು "ಬರ್ರಿ, ಕೂಡ್ರಿ" ಎಂದು ಕನ್ನಡದಲ್ಲಿ ಸ್ವಾಗತ ಬರೆಯಿರಿ. ಆಮೇಲೆ ಕೋರಿಕೆ.

ಎರಡನೆಯದು, "ಎಲ್ಲರೂ ಕಸ ಹಾಕಿ ಹಾಳು ಮಾಡುತ್ತಿದ್ದಾರೆ" ಎಂದು ಗೋಳು ಬರೆಯಬೇಡಿ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ರಾಷ್ಟ್ರೀಯ ಉದ್ಯಾನ ಒಂದಿದೆ. ಬಂದವರು ಅದರ ತುಂಡು ಎತ್ತಿಕೊಂಡು ಹೋಗುತ್ತಿದ್ದರು. ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞರ ತಂಡ ದಾರಿಯಲ್ಲಿ ಗುರುತು ಹಾಕಿದ ತುಂಡುಗಳನ್ನಿಟ್ಟು ಎರಡು ಥರದ ಬೋರ್ಡ್ ಪರೀಕ್ಷಿಸಿತು. ಹಿಂದೆ ಬಂದ ಎಷ್ಟೋ ಜನ ಒಯ್ದಿದ್ದಾರೆ ಎಂದು ಬರೆದಾಗ ಸುಮಾರು ಶೇ. 8ರಷ್ಟು ತುಂಡು ಕಳುವಾದವು. ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಬರೆದಾಗ ಶೇ. 2ಕ್ಕಿಂತ ಕಡಿಮೆ. ಎಲ್ಲರೂ ಮಾಡುತ್ತಾರೆ ಎಂದು ಹೇಳಿದರೆ, ಮಾಡಬಹುದು ಎಂದು ಹೇಳಿದ ಹಾಗೇ.

ಇದೇ ಗುಣವನ್ನು ಒಳ್ಳೆಯದಕ್ಕೂ ಬಳಸಬಹುದು. ನೋವಾ ಗೋಲ್ಡ್‌ಸ್ಟೀನ್, ಚಾಲ್ಡೀನಿ ಮತ್ತು ವ್ಲಾಡಾಸ್ ಗ್ರಿಸ್ಕೆವಿಸಿಯಸ್ 2008ರಲ್ಲಿ ಪ್ರಕಟಿಸಿದ ಹೋಟೆಲ್ ಅಧ್ಯಯನ ನೋಡಿ. "ಪರಿಸರ ಉಳಿಸಿ, ಟವೆಲ್ ಮತ್ತೆ ಬಳಸಿ" ಎಂಬ ಚೀಟಿಗೆ ಶೇ. 35 ಅತಿಥಿಗಳು ಒಪ್ಪಿದರು. "ಇಲ್ಲಿಗೆ ಬಂದ ಹೆಚ್ಚಿನ ಅತಿಥಿಗಳು ಮತ್ತೆ ಬಳಸಿದ್ದಾರೆ" ಎಂಬ ಚೀಟಿಗೆ ಶೇ. 44. ಎರಡನೇ ಸುತ್ತಿನಲ್ಲಿ "ಇದೇ ರೂಮಿನಲ್ಲಿ ಇದ್ದವರು" ಎಂದು ಬರೆದಾಗ ಶೇ. 49 ತನಕ ಹೋಯಿತು. ಹತ್ತಿರದವರ ಉದಾಹರಣೆಗೆ ಬಲ ಜಾಸ್ತಿ. "ನಮ್ಮಲ್ಲಿಗೆ ಬೆಳಗಾವಿಯಿಂದ ಬಂದವರಲ್ಲಿ ಹೆಚ್ಚಿನವರು ತಮ್ಮ ಬಾಟಲಿ ತುಂಬಿಸಿಕೊಂಡೇ ಹೊರಡುತ್ತಾರೆ" ಎಂದು ನೀವು ಬರೆಯಬಹುದು, ಆದರೆ ಒಂದು ಷರತ್ತು: ಅದು ನಿಜವಾಗಿರಬೇಕು. ಎಣಿಸಿ ನೋಡಿ, ಹೆಚ್ಚಿನವರು ಮಾಡುತ್ತಿಲ್ಲವಾದರೆ ಆ ಸಾಲು ಬರೆಯಬೇಡಿ. ಸುಳ್ಳು ಲೆಕ್ಕ ಒಂದು ಸಲ ಸಿಕ್ಕಿಬಿದ್ದರೆ ನಿಮ್ಮ ಊಟದ ಬಿಲ್ಲನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ಮಾತು ಗಮನದಲ್ಲಿರಲಿ. ಇದೇ ಟವೆಲ್ ಪ್ರಯೋಗವನ್ನು ಜರ್ಮನಿಯಲ್ಲಿ ಮಾಡಿದಾಗ ಅದೇ ಫಲ ಸಿಗಲಿಲ್ಲ. ಬೇರೆ ಊರಲ್ಲಿ ಗೆದ್ದದ್ದು ಇಲ್ಲಿ ಗೆಲ್ಲಲೇಬೇಕು ಅಂತೇನಿಲ್ಲ. ಅದಕ್ಕೇ ಕೊನೆಯ ಹಂತದ ತೂಕ ಬೇಕು.

ಮೂರನೆಯದು, ಅಭಿಮಾನ. ಟೆಕ್ಸಾಸ್‌ನಲ್ಲಿ ಹೆದ್ದಾರಿ ಕಸದ ವಿರುದ್ಧ 1986ರಲ್ಲಿ ಶುರುವಾದ ಪ್ರಚಾರ ಪರಿಸರದ ಹೆಸರನ್ನೇ ಎತ್ತಲಿಲ್ಲ. ಟೆಕ್ಸಾಸ್ ತಂಟೆಗೆ ಬರಬೇಡಿ ಎಂದು ಅಲ್ಲಿನವರ ಊರಭಿಮಾನಕ್ಕೆ ಮಾತು ಕೊಟ್ಟಿತು. ನಮ್ಮವರಲ್ಲೂ ಅಭಿಮಾನಕ್ಕೆ ಕಡಿಮೆ ಇಲ್ಲ. "ಹುಬ್ಬಳ್ಳಿ ಮಂದಿ ಬಂದು ಹೋದ ಜಾಗ ಹಿಂಗ ಇರತೈತಿ" ಎಂಬ ಸಾಲು ಒಂದು ಚೊಕ್ಕಟ ಮೇಜಿನ ಮೇಲೆ ಇದ್ದರೆ, ಎದ್ದು ಹೋಗುವವರು ತಿರುಗಿ ನೋಡಿ ಹೋಗುತ್ತಾರೆ.

ಹಂತ 6: ಹೊತ್ತು ನೋಡಿ ಹೇಳಿ

ಇಳಿಯುವಾಗ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ, ಎಲ್ಲರ ಕಣ್ಣು ಸಮುದ್ರದ ಮೇಲಿರುತ್ತದೆ. ಹೇಳಬೇಕಾದ ಹೊತ್ತು ಎರಡು. ಮೊದಲನೆಯದು, ಮನೆಯಲ್ಲಿ ಚೀಲ ಕಟ್ಟುವಾಗ. ರೂಮ್ ಪಕ್ಕಾ ಮಾಡಿದವರಿಗೆ ಹೊರಡುವ ಹಿಂದಿನ ದಿನ ವಾಟ್ಸಾಪ್‌ನಲ್ಲಿ ಎರಡು ಸಾಲು ಕಳಿಸಿ: "ಬರುವಾಗ ಮನೆಯ ನೀರಿನ ಬಾಟಲಿ, ಸ್ಟೀಲ್ ತಟ್ಟೆ ತನ್ನಿ. ರೊಟ್ಟಿ ಬುತ್ತಿ ತಂದರೆ ಬಿಸಿ ಮಾಡಿ ಕೊಡುತ್ತೇವೆ, ಕೂತು ಉಣ್ಣಲು ಜಾಗ ಇದೆ." ಬಯಲಲ್ಲಿ ಒಲೆ ಹಚ್ಚಿ ಅಡುಗೆ ಮಾಡುವವರ ಮೇಲೆ ಗೋವಾದವರಿಗೆ ಬೇಸರ ಇದೆ, ಅದು ನ್ಯಾಯವೂ ಹೌದು. ಆದರೆ ದೊಡ್ಡ ಕುಟುಂಬಕ್ಕೆ ಮೂರು ಹೊತ್ತೂ ಹೋಟೆಲ್ ಊಟ ಕೈಗೆಟಕುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಒಂದು ಗ್ಯಾಸ್ ಒಲೆ, ಒಂದು ಕಟ್ಟೆ, ಒಂದು ನಲ್ಲಿ ಕೊಟ್ಟು ಸಣ್ಣ ಬಾಡಿಗೆ ತೆಗೆದುಕೊಳ್ಳಿ. ಬಯಲ ಒಲೆ ತಾನಾಗಿ ಆರುತ್ತದೆ.

ಎರಡನೆಯದು, ಕಾಯುವ ಹೊತ್ತು. ದೂಧಸಾಗರಕ್ಕೆ ಹೋಗುವವರು ಕುಳೆಂನಲ್ಲಿ ಜೀಪಿಗೆ ಕಾಯುತ್ತಾರೆ, ಲೈಫ್ ಜಾಕೆಟ್ ಕಟ್ಟಿಕೊಳ್ಳುತ್ತಾರೆ. ಆಗ ಕೈ, ಕಿವಿ ಎರಡೂ ಖಾಲಿ. ಭಗವಾನ್ ಮಹಾವೀರ ಅಭಯಾರಣ್ಯದೊಳಗೆ ಹೋಗುತ್ತಿದ್ದೇವೆ, ಚಿಪ್ಸ್ ಪೊಟ್ಟಣ ಕಂಡರೆ ಮಂಗಗಳು ಕಿತ್ತುಕೊಳ್ಳುತ್ತವೆ, ಇಲ್ಲೇ ಬಿಟ್ಟು ಬನ್ನಿ ಎಂದು ಜಾಕೆಟ್ ಕಟ್ಟುತ್ತಾ ಕನ್ನಡದಲ್ಲಿ ಹೇಳಿದರೆ ತಲೆಗೆ ಇಳಿಯುತ್ತದೆ.

ಮಾತು ಕೊಡಿಸುವುದೂ ಒಂದು ದಾರಿ. ಪಲಾವು ಎಂಬ ಪುಟ್ಟ ದ್ವೀಪ ದೇಶ 2017ರ ಡಿಸೆಂಬರ್‌ನಿಂದ ಬರುವ ಪ್ರತಿಯೊಬ್ಬರ ಪಾಸ್‌ಪೋರ್ಟ್‌ನಲ್ಲಿ ಒಂದು ಪ್ರತಿಜ್ಞೆ ಮುದ್ರೆ ಒತ್ತಿ ಸಹಿ ಹಾಕಿಸುತ್ತದೆ. ಆ ಪ್ರತಿಜ್ಞೆ ಅಲ್ಲಿನ ಮಕ್ಕಳನ್ನು ಉದ್ದೇಶಿಸಿದ್ದು. ನಿಮ್ಮ ರಿಜಿಸ್ಟರ್‌ನಲ್ಲಿ ಹೆಸರು ಬರೆಸುವಾಗ ಪಕ್ಕದಲ್ಲಿ ಒಂದು ಸಾಲು ಸೇರಿಸಿ. ಮಕ್ಕಳ ಕೈಯಲ್ಲಿ ಸಹಿ ಹಾಕಿಸಿ. ಆಮೇಲೆ ಅಪ್ಪ ಅಮ್ಮ ತಪ್ಪಿದರೆ ಮಕ್ಕಳು ಸುಮ್ಮನಿರುವುದಿಲ್ಲ.

ಹಂತ 7: ಊಟ

ನಮ್ಮಲ್ಲಿ ಒತ್ತಾಯ ಮಾಡಿ ಬಡಿಸುವುದು ಪ್ರೀತಿಯ ಗುರುತು. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಸ್ವಲ್ಪ ಸ್ವಲ್ಪ ಬಡಿಸಿ, ಜಾಸ್ತಿ ಸಲ ಬನ್ನಿ. ನಾರ್ವೆಯ ಹೋಟೆಲ್‌ಗಳ ಬಫೆಯಲ್ಲಿ ಸ್ಟೆಫೆನ್ ಕಾಲ್ಬೆಕೆನ್ ಮತ್ತು ಹೋಕನ್ ಸೇಲೆನ್ ಇದನ್ನೇ ನೋಡಿದರು, 2013ರಲ್ಲಿ ಪ್ರಕಟಿಸಿದರು. ಕೆಲವು ಕಡೆ ತಟ್ಟೆ ಸಣ್ಣದು ಮಾಡಿದರು. ಕೆಲವು ಕಡೆ "ಎಷ್ಟು ಸಲ ಬೇಕಾದರೂ ಬನ್ನಿ" ಎಂಬ ಫಲಕ ಇಟ್ಟರು. ಎರಡರಲ್ಲೂ ಬಿಸಾಡುವ ಊಟ ಸುಮಾರು ಐದನೇ ಒಂದು ಭಾಗ ಇಳಿಯಿತು, ಅತಿಥಿಗಳ ಸಂತೋಷ ಕಡಿಮೆಯಾಗಲಿಲ್ಲ. ಸ್ಲೊವೇನಿಯಾದ ಹೋಟೆಲ್ ಒಂದರಲ್ಲಿ ತಟ್ಟೆ ಖಾಲಿ ಮಾಡಿದ ಕುಟುಂಬದ ಮಕ್ಕಳಿಗೆ ಮುದ್ರೆ ಒತ್ತಿಕೊಟ್ಟು, ಮುದ್ರೆ ತುಂಬಿದರೆ ಬಹುಮಾನ ಇಟ್ಟಾಗ ತಟ್ಟೆಯಲ್ಲಿ ಬಿಡುವ ಊಟ ಶೇ. 34 ಕಡಿಮೆಯಾಯಿತು.

ಮೀನೂಟದ ಥಾಲಿಯಲ್ಲಿ ಅನ್ನದ ಗುಡ್ಡೆ ಹಾಕುವುದು ಬಿಟ್ಟು ಒಂದು ಹಿಡಿ ಹಾಕಿ, ಕೂಡಲೇ "ಮತ್ತೆ ತರ್ತೀನ್ರಿ" ಅನ್ನಿ. ಆ ಮಾತು ಹೇಳದೆ ಅನ್ನ ಮಾತ್ರ ಕಡಿಮೆ ಮಾಡಿದರೆ ಜಿಪುಣ ಅನ್ನಿಸಿಕೊಳ್ಳುತ್ತೀರಿ. ಕೋಕಂನಿಂದ ಮಾಡುವ ಸೋಲ್‌ಕಡಿಯ ರುಚಿ ಗೊತ್ತಿಲ್ಲದವರಿಗೆ ಮೊದಲು ಒಂದು ಗುಟುಕು ಕೊಟ್ಟು ನೋಡಿ, ಆಮೇಲೆ ಲೋಟ ತುಂಬಿ.

ಹಂತ 8: ರಾತ್ರಿಯ ದೀಪ

ಮೊರ್ಜಿಂ, ಮಾಂದ್ರೆ, ಅಗೋಂಡಾ, ಗಲ್ಜಿಬಾಗ ತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್ ತನಕ. ಮೊಟ್ಟೆಯಿಂದ ಹೊರಬಂದ ಮರಿ ಬೆಳಕು ಜಾಸ್ತಿ ಇರುವ ಕಡೆ ನಡೆಯುತ್ತದೆ. ಕತ್ತಲ ತೀರದಲ್ಲಿ ಅದು ಸಮುದ್ರ. ಶ್ಯಾಕ್‌ನ ಬಿಳಿ ದೀಪ ಉರಿಯುತ್ತಿದ್ದರೆ ಅದು ನಿಮ್ಮ ಅಡುಗೆಮನೆ. ಸಮುದ್ರದ ಕಡೆಯ ದೀಪಕ್ಕೆ ಮರೆ ಕಟ್ಟಿ, ಬಿಳಿ ಬಲ್ಬ್ ತೆಗೆದು ಮಂದ ಕೆಂಪು ಬಲ್ಬ್ ಹಾಕಿ, ಟೈಮರ್ ಇಟ್ಟು ತಾನಾಗಿ ಆರುವಂತೆ ಮಾಡಿ. ಅತಿಥಿಗೆ ಕಾರಣ ಹೇಳಿದರೆ ಮೊಬೈಲ್ ಟಾರ್ಚ್ ಕೂಡ ಆರಿಸುತ್ತಾರೆ. ಕಡಲಾಮೆಗೆ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯ ರಕ್ಷಣೆ ಇದೆ, ಮುಟ್ಟಿ ಸೆಲ್ಫಿ ತೆಗೆಯುವುದು ಅಪರಾಧ ಎಂದೂ ತಿಳಿಸಿ.

ಹಂತ 9: ದುಡ್ಡು ಸೇರಿಸಬೇಕಾದರೆ

ಠೇವಣಿ, ಶುಲ್ಕ ಇವು ನಡ್ಜ್‌ನ ಪಕ್ಕದ ಮನೆಯವು, ಆದರೆ ಜೊತೆಗೆ ಚೆನ್ನಾಗಿ ಕೆಲಸ ಮಾಡುತ್ತವೆ. ವಾಷಿಂಗ್ಟನ್ ಸುತ್ತಮುತ್ತ ಟಟಿಯಾನಾ ಹೊಮೊನಾಫ್ ಮಾಡಿದ ಅಧ್ಯಯನದಲ್ಲಿ, ಸ್ವಂತ ಚೀಲ ತಂದವರಿಗೆ 5 ಸೆಂಟ್ ಬಹುಮಾನ ಕೊಟ್ಟಾಗ ಏನೂ ಬದಲಾಗಲಿಲ್ಲ. ಅಂಗಡಿ ಚೀಲಕ್ಕೆ ಅದೇ 5 ಸೆಂಟ್ ತೆರಿಗೆ ಹಾಕಿದಾಗ, ಅದನ್ನು ತೆಗೆದುಕೊಳ್ಳುವವರು ಶೇ. 82ರಿಂದ 40ಕ್ಕೆ ಇಳಿದರು. ಕೈಯಿಂದ ಹೋಗುವ ದುಡ್ಡು ಬರುವ ದುಡ್ಡಿಗಿಂತ ಜೋರಾಗಿ ತಟ್ಟುತ್ತದೆ. ಹಾಗಾಗಿ "ಡಬ್ಬಿ ತಂದರೆ 10 ರೂಪಾಯಿ ಕಡಿಮೆ" ಎನ್ನುವ ಬದಲು "ಪಾರ್ಸಲ್ ಡಬ್ಬಿಗೆ 10 ರೂಪಾಯಿ" ಎಂದು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಯಿರಿ.

ಬಿಯರ್ ಬಾಟಲಿಗೆ ನೀಲಗಿರಿಯ ಉದಾಹರಣೆ ಇದೆ. ತಮಿಳುನಾಡಿನ ಸರ್ಕಾರಿ ಮದ್ಯದಂಗಡಿಗಳಲ್ಲಿ 2022ರಿಂದ ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ವಾಪಸ್ ಕೊಡುವ ಪದ್ಧತಿ ಅಲ್ಲಿಂದ ಶುರುವಾಯಿತು. ಗೋವಾ ಸರ್ಕಾರವೂ 2024ರಲ್ಲಿ ಠೇವಣಿ ಮರುಪಾವತಿ ಯೋಜನೆ ಪ್ರಕಟಿಸಿದೆ. ನಿಮ್ಮ ಶ್ಯಾಕ್‌ನಲ್ಲಿ ಸಣ್ಣದಾಗಿ ನೀವೇ ಶುರು ಮಾಡಬಹುದು. ವಾಪಸ್ ಕೊಡುವುದು ಮಾತ್ರ ತಕ್ಷಣ ಆಗಬೇಕು, ಚಿಲ್ಲರೆ ಇಲ್ಲ ಎನ್ನುವಂತಿಲ್ಲ.

ಹಂತ 10: ತೂಗಿ ನೋಡಿ

ಒಂದು ತೂಗು ತಕ್ಕಡಿ ತನ್ನಿ. ದಿನದ ಒಣ ಕಸದ ಚೀಲ ತೂಗಿ, ಆ ದಿನದ ಅತಿಥಿಗಳ ಸಂಖ್ಯೆಯಿಂದ ಭಾಗಿಸಿ ಬರೆದಿಡಿ. ತಲಾ ಲೆಕ್ಕ ಇಲ್ಲದಿದ್ದರೆ ಜನ ಕಡಿಮೆ ಬಂದ ವಾರವನ್ನೇ ಯಶಸ್ಸು ಅಂದುಕೊಳ್ಳುತ್ತೀರಿ. ಶನಿವಾರವನ್ನು ಶನಿವಾರಕ್ಕೇ ಹೋಲಿಸಿ. ದಸರಾ ರಜೆ, ರಾಜ್ಯೋತ್ಸವದ ಜೊತೆ ಬಂದ ಉದ್ದ ವಾರಾಂತ್ಯ, ಡಿಸೆಂಬರ್ ಕೊನೆ, ಇವನ್ನು ಲೆಕ್ಕದಿಂದ ಹೊರಗಿಡಿ. ರೂಮುಗಳು ನಾಲ್ಕಿದ್ದರೆ ಎರಡರಲ್ಲಿ ಹೊಸ ಚೀಟಿ ಇಡಿ, ಎರಡರಲ್ಲಿ ಬೇಡ. ತಿಂಗಳಾದ ಮೇಲೆ ಅದಲು ಬದಲು ಮಾಡಿ. ವ್ಯತ್ಯಾಸ ಕಾಣದಿದ್ದರೆ ಆ ಚೀಟಿ ತೆಗೆದುಹಾಕಿ, ಬೇರೆ ಮಾತು ಬರೆಯಿರಿ.

ಮಾಡಬಾರದ ಕೆಲಸ

ಟವೆಲ್ ತೊಳೆಯದೆ ಉಳಿದ ದುಡ್ಡನ್ನು ಪೂರ್ತಿ ಜೇಬಿಗಿಳಿಸಿ, ಬೋರ್ಡಿನಲ್ಲಿ ಭೂಮಿತಾಯಿಯ ಹೆಸರು ಹೇಳಬೇಡಿ. ಅತಿಥಿಗಳು ಇದನ್ನು ಬೇಗ ಗುರುತಿಸುತ್ತಾರೆ. ಉಳಿತಾಯದ ಒಂದು ಪಾಲು ತೀರ ಗುಡಿಸುವವರಿಗೆ ಹೋಗುತ್ತದೆ ಎಂದಾದರೆ ಹಾಗೆ ಬರೆಯಿರಿ, ಹಾಗೇ ನಡೆದುಕೊಳ್ಳಿ. ತೀರ ಗುಡಿಸುವವರಲ್ಲಿ ನಮ್ಮ ಊರಿನವರೂ ಇದ್ದಾರೆ. ಒಡೆದ ಗಾಜು ಅವರ ಕೈಗೆ ಚುಚ್ಚುತ್ತದೆ ಎಂಬ ಒಂದು ಮಾತು, ಅದೂ ಕನ್ನಡದಲ್ಲಿ, ದೊಡ್ಡ ಪೋಸ್ಟರ್‌ಗಿಂತ ಹೆಚ್ಚು ನಾಟುತ್ತದೆ.

ಕಸ ಹಾಕಿದವರ ಫೋಟೊ ಗೋಡೆಗೆ ಅಂಟಿಸಬೇಡಿ. ಬೇಡ ಅನ್ನುವ ದಾರಿಯನ್ನು ಮುಚ್ಚಬೇಡಿ: ವಯಸ್ಸಾದವರಿಗೆ, ಕಾಯಿಲೆ ಇದ್ದವರಿಗೆ ಸ್ಟ್ರಾ ಬೇಕಾಗುತ್ತದೆ, ಬಾಟಲಿ ನೀರೇ ಬೇಕಾಗುತ್ತದೆ. ಕೇಳಿದರೆ ಮರುಮಾತಿಲ್ಲದೆ ಕೊಡಿ.

ಕೊನೆಗೆ ಒಂದು ಕೆಲಸದ ಸೂಚನೆ. ಒಂದೇ ಬೋರ್ಡ್ ಬಹಳ ದಿನ ಇದ್ದರೆ ಗೋಡೆಯ ಬಣ್ಣದ ಜೊತೆ ಸೇರಿಹೋಗುತ್ತದೆ, ಕೆಲಸದ ಹುಡುಗರಿಗೂ ಕಾಣುವುದಿಲ್ಲ. ಮಳೆಗಾಲಕ್ಕೆ ಮುಂಚೆ ಶ್ಯಾಕ್ ಬಿಚ್ಚುವಾಗ ಬೋರ್ಡ್‌ಗಳನ್ನೂ ಇಳಿಸಿ. ನೋಟ್‌ಬುಕ್‌ನ ತೂಕದ ಲೆಕ್ಕ ಮುಂದಿಟ್ಟುಕೊಂಡು ಅಡುಗೆಯವರು, ಡ್ರೈವರ್, ರೂಮ್ ಗುಡಿಸುವ ಅಕ್ಕ ಎಲ್ಲರನ್ನೂ ಒಮ್ಮೆ ಕೂರಿಸಿ ಕೇಳಿ: ಯಾವುದು ನಡೆಯಿತು, ಯಾವುದು ಇಲ್ಲ? ರೂಮಿನ ಕಸದ ಬುಟ್ಟಿಯಲ್ಲಿ ಏನಿರುತ್ತದೆ ಎಂದು ಆ ಅಕ್ಕನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾಗುವ ಮೊದಲು ಅವರ ಮಾತಿನಂತೆ ಹೊಸ ಚೀಟಿ ಬರೆಯಿರಿ.